ಮಗುವಿಗೆ ಅಪರೂಪದ ಹೆಸರು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪರೂಪದ ಹೆಸರು ಅಂದರೆ ಯಾವುದು?

ಅಂಗನವಾಡಿಯಲ್ಲಿ ಹೆಸರು ಕೂಗಿದಾಗ ಒಂದೇ ಮಗು ತಿರುಗಿ ನೋಡಿದರೆ ಅದು ಅಪರೂಪದ ಹೆಸರು. ಮೊಬೈಲಿನಲ್ಲಿ ‘ಯೂನಿಕ್’ ಎಂದು ಸಿಗುವ ಹೆಸರುಗಳು ಬಹುಪಾಲು ಈ ಪರೀಕ್ಷೆಯಲ್ಲಿ ಫೇಲಾಗುತ್ತವೆ. ಎಲ್ಲರೂ ಅದೇ ಪಟ್ಟಿ ನೋಡುವುದರಿಂದ ಅದ್ವಿಕ್, ಯದ್ವಿಕ್, ಋತ್ವಿಕ್, ಸಾತ್ವಿಕ್ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಅದೇ ತರಗತಿಯಲ್ಲಿ ಒಬ್ಬ ಪಿನಾಕಿನಿ, ಒಬ್ಬ ಅಶ್ವತ್ಥ ಹುಡುಕಿದರೂ ಸಿಗುವುದು ಕಷ್ಟ. ಹೆಸರಿನ ಹೊಸತನ ಅದರ ಸದ್ದಿನಲ್ಲೋ ಅರ್ಥದಲ್ಲೋ ಇರಬೇಕು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಹೆಚ್ಚು ತುರುಕಿ ತಂದ ಹೊಸತನ ಕಚೇರಿ ಅಲೆಸುತ್ತದೆ, ಬೇರೇನೂ ಮಾಡುವುದಿಲ್ಲ.

ಹೆಸರು ಇನ್ನೂ ತೀರ್ಮಾನವಾಗಿಲ್ಲ, ಆಸ್ಪತ್ರೆಯಲ್ಲಿ ಕೇಳುತ್ತಿದ್ದಾರೆ. ಏನು ಬರೆಸಬೇಕು?

ಏನೂ ಬರೆಸಬೇಡಿ. ಜನನ ನೋಂದಣಿ ಬೇರೆ, ಹೆಸರು ಸೇರಿಸುವುದು ಬೇರೆ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಜನನವನ್ನು 21 ದಿನದೊಳಗೆ ತಿಳಿಸಬೇಕು. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಲು ಅದೇ ಕಾಯ್ದೆಯ 14ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೆಸರು ಸೇರಿಸಿದರೆ ತಡ ಶುಲ್ಕವಿಲ್ಲ. ಆಮೇಲೂ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು, ಆದರೆ ಅಷ್ಟು ದಿನ ಯಾರೂ ಕಾಯಬಾರದು.

ಎಡವಟ್ಟಾಗುವುದು ಇಲ್ಲೇ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಯಾರೋ ‘ಸದ್ಯಕ್ಕೆ ಚಿನ್ನು ಅಂತ ಬರೆದುಕೊಳ್ಳಿ’ ಎನ್ನುತ್ತಾರೆ, ಆ ಚಿನ್ನು ಪ್ರಮಾಣಪತ್ರದಲ್ಲಿ ಕೂತುಬಿಡುತ್ತದೆ. ಖಾಲಿ ಜಾಗ ತುಂಬಿಸುವುದು ಸುಲಭ, ತುಂಬಿದ್ದನ್ನು ಅಳಿಸುವುದು ಕಷ್ಟ. ಬದಲಿಗೆ ತಂದೆ ತಾಯಿಯ ಹೆಸರು ಅವರ ಆಧಾರ್‌ನಲ್ಲಿ ಇರುವಂತೆಯೇ ಬಂದಿದೆಯೇ ಎಂದು ನೋಡಿ. ಮಗುವಿನ ಹೆಸರಿಗಿಂತ ‘ಲಕ್ಷ್ಮಿದೇವಮ್ಮ’ನೋ ‘ಲಕ್ಷ್ಮೀದೇವಿ’ಯೋ ಎಂಬ ಗೊಂದಲದಿಂದ ತಿದ್ದುಪಡಿಗೆ ಬರುವವರು ಬಹಳ.

21 ದಿನ ದಾಟಿ 30 ದಿನದೊಳಗಾದರೆ ತಡ ಶುಲ್ಕ ಕಟ್ಟಿದರೆ ಸಾಕು. 30 ದಿನ ದಾಟಿದರೆ ಜಿಲ್ಲಾ ನೋಂದಣಾಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. 2023ರ ತಿದ್ದುಪಡಿಯಾದ ಮೇಲೆ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2023ರ ಅಕ್ಟೋಬರ್ 1 ಮತ್ತು ಆನಂತರ ಹುಟ್ಟಿದವರಿಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ಅದೇ.

ನಾವಿರುವುದು ಶಿರಾದಲ್ಲಿ, ಹೆರಿಗೆಯಾಗಿದ್ದು ಚಿಂತಾಮಣಿಯ ತವರಿನಲ್ಲಿ. ಹೆಸರು ಎಲ್ಲಿ ಸೇರಿಸಬೇಕು?

ಮಗು ಹುಟ್ಟಿದ ಊರಿನಲ್ಲಿ, ಅಂದರೆ ಚಿಂತಾಮಣಿಯಲ್ಲಿ. ನೋಂದಣಿ ನಡೆಯುವುದು ಹುಟ್ಟಿದ ಜಾಗದ ಕಚೇರಿಯಲ್ಲಿ, ಗಂಡನ ಮನೆಯ ವಿಳಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಣಂತನ ಮುಗಿಸಿ ಹೊರಡುವ ಮೊದಲೇ ಹೆಸರು ಸೇರಿಸಿಬಿಟ್ಟರೆ ಇನ್ನೊಂದು ಓಡಾಟ ತಪ್ಪುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಮೊದಲು ಅಲ್ಲೇ ಕೇಳಿ. ಖಾಸಗಿ ಆಸ್ಪತ್ರೆಯಾದರೆ ಆ ಊರಿನ ನಗರಸಭೆ (ತುಮಕೂರಿನಲ್ಲಿ ಮಹಾನಗರ ಪಾಲಿಕೆ), ಹಳ್ಳಿಯಲ್ಲಾದರೆ ಗ್ರಾಮ ಆಡಳಿತ ಅಧಿಕಾರಿ. ಜನನ ಪ್ರಮಾಣಪತ್ರದ ಪ್ರತಿ, ತಂದೆ ತಾಯಿ ಇಬ್ಬರ ಆಧಾರ್, ಮಗುವಿನ ಹೆಸರು ಕನ್ನಡ ಇಂಗ್ಲಿಷ್ ಎರಡರಲ್ಲೂ ಬಿಡಿ ಬಿಡಿ ಅಕ್ಷರದಲ್ಲಿ ಬರೆದು ಇಬ್ಬರೂ ಸಹಿ ಮಾಡಿದ ಅರ್ಜಿ, ಇವಿಷ್ಟು ಕೈಯಲ್ಲಿರಲಿ. ಹೆಸರನ್ನು ಬಾಯಲ್ಲಿ ಹೇಳಿ ಟೈಪ್ ಮಾಡಿಸಬೇಡಿ. ‘ಹೃದ್ಯ’ ಎಂದು ನೀವು ಹೇಳಿದ್ದು ‘ರುದ್ಯ’ ಆಗಲು ಫ್ಯಾನಿನ ಸದ್ದು ಸಾಕು.

ಪುರೋಹಿತರು ಕೊಟ್ಟ ಅಕ್ಷರಕ್ಕೆ ಹೆಸರೇ ಇಲ್ಲವಲ್ಲ?

ಇದು ನಿಮ್ಮೊಬ್ಬರ ಕಷ್ಟವಲ್ಲ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಇವುಗಳಲ್ಲಿ ಕೆಲವು ಹೆಸರಿನ ಮೊದಲಿಗೆ ಬರುವ ಅಕ್ಷರಗಳೇ ಅಲ್ಲ. ಆರ್ದ್ರಾಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಉತ್ತರಾಭಾದ್ರಕ್ಕೆ ದು, ಥ, ಝ, ಞ. ಙ, ಣ, ಞ ಬಂದವರಿಗೆ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯುವುದು ರೂಢಿ. ಆರ್ದ್ರಾ ಮೂರನೇ ಪಾದದ ಮಗು ಕುಮುದ ಆಗಬಹುದು, ಹಸ್ತ ಮೂರನೇ ಪಾದದ್ದು ಪುನೀತ ಆಗಬಹುದು. ಆಶ್ಲೇಷದವರ ಪಾಡು ಇನ್ನೂ ಕಷ್ಟ: ಡಿ, ಡು, ಡೆ, ಡೊ. ಡಿಂಪಲ್ ಬಿಟ್ಟರೆ ಬೇರೆ ಹೊಳೆಯುವುದಿಲ್ಲ ಎಂದು ಒದ್ದಾಡುವವರಿಗೆ ಹಳೆಯ ದಾರಿ ಇದ್ದೇ ಇದೆ. ನಕ್ಷತ್ರನಾಮವನ್ನು ನಾಮಕರಣದ ದಿನ ಕಿವಿಯಲ್ಲಿ ಹೇಳಿ ಜಾತಕದಲ್ಲಿ ಬರೆಸಿ, ಕರೆಯುವ ಹೆಸರನ್ನು ಬೇರೆ ಇಡಿ. ಶಾಸ್ತ್ರದಲ್ಲೇ ಎರಡು ಹೆಸರಿಗೆ ಜಾಗವಿರುವಾಗ ಒಂದರಲ್ಲೇ ಎಲ್ಲವನ್ನೂ ತುಂಬುವ ಹಟ ಬೇಡ.

ಹುಟ್ಟಿದ ವೇಳೆ ಐದು ನಿಮಿಷ ಹೆಚ್ಚು ಕಡಿಮೆಯಾಗಿದೆ ಎಂದು ಚಿಂತಿಸುವವರಿಗೆ ಒಂದು ಲೆಕ್ಕ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ಬೇಕು, ಹಾಗಾಗಿ ಒಂದು ಪಾದಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಪಾದದ ಅಂಚಿನಲ್ಲಿ ಹುಟ್ಟಿದ ಮಗುವಿಗೆ ಮಾತ್ರ ನಿಮಿಷ ಮುಖ್ಯ.

ಗಂಡಿಗೆ ಸಮ ಅಕ್ಷರ, ಹೆಣ್ಣಿಗೆ ಬೆಸ ಅಕ್ಷರ ಎಂಬುದು ಗೃಹ್ಯಸೂತ್ರಗಳಲ್ಲಿರುವ ಮಾತು. ಲೆಕ್ಕ ಹಾಕುವುದಾದರೆ ಕನ್ನಡದ ಅಕ್ಷರ ಎಣಿಸಿ, ಇಂಗ್ಲಿಷಿನದ್ದಲ್ಲ.

ಅಂತರ್ಜಾಲದಲ್ಲಿ ಕೊಟ್ಟಿರುವ ಅರ್ಥ ನಂಬಬಹುದೇ?

ಪೂರ್ತಿ ನಂಬಬೇಡಿ. ‘ರಿಯಾಂಶ್’ಗೆ ಒಂದು ಕಡೆ ಸೂರ್ಯಕಿರಣ, ಇನ್ನೊಂದು ಕಡೆ ವಿಷ್ಣುವಿನ ಅಂಶ ಎಂದಿರುತ್ತದೆ. ‘ಅಂಶ’ ಸರಿ, ‘ರಿಯ’ ಎಂಬ ಸಂಸ್ಕೃತ ಪದ ಮಾತ್ರ ನಿಘಂಟಿನಲ್ಲಿ ಸಿಗುವುದಿಲ್ಲ. ಕಿವಿಗೆ ಹಿತವಾಗಿದೆ ಎಂದು ಇಟ್ಟರೆ ತಪ್ಪೇನಿಲ್ಲ, ಅರ್ಥ ಕೇಳಿದವರಿಗೆ ಹಾಗೆಯೇ ಹೇಳಿ. ಆಗುವ ಅನಾಹುತ ಬೇರೆ ಥರದ್ದು. ತೃಷಾ ಎಂದರೆ ಬಾಯಾರಿಕೆ. ಕೃಶಾ ಎಂದರೆ ಬಡಕಲಾದವಳು. ಅನೀಕ ಎಂದರೆ ಸೈನ್ಯ. ಇತಿಹಾಸದಿಂದ ಹೆಕ್ಕಿದ ಹೆಸರೂ ಕೈಕೊಡುತ್ತದೆ: ಕೋಲಾರವನ್ನು ಮೊದಲ ರಾಜಧಾನಿ ಮಾಡಿಕೊಂಡಿದ್ದ ಗಂಗರಲ್ಲಿ ಅವಿನೀತ, ದುರ್ವಿನೀತ ಎಂಬ ದೊರೆಗಳಿದ್ದರು. ದೊರೆಗಳು ದೊಡ್ಡವರೇ, ಆದರೆ ಅವಿನೀತ ಎಂದರೆ ವಿನಯವಿಲ್ಲದವನು. ಅಪರ್ಣಾ ಇದಕ್ಕೆ ಉಲ್ಟಾ. ಎಲೆಯಿಲ್ಲದವಳು ಎಂದಷ್ಟೇ ನೋಡಿದರೆ ಸಪ್ಪೆ. ತಪಸ್ಸಿನಲ್ಲಿ ಎಲೆಯನ್ನೂ ತಿನ್ನದೆ ಇದ್ದ ಪಾರ್ವತಿ ಎಂದು ತಿಳಿದರೆ ತೂಕ ಬರುತ್ತದೆ.

ಸಂಸ್ಕೃತ ಮೂಲದ್ದನ್ನು ಸಂಸ್ಕೃತ ನಿಘಂಟಿನಲ್ಲಿ, ಕನ್ನಡದ್ದನ್ನು 1894ರ ಕಿಟ್ಟೆಲ್ ನಿಘಂಟಿನಲ್ಲೋ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನಲ್ಲೋ ನೋಡಿ. ಊರಿನ ಹೈಸ್ಕೂಲಿನ ಕನ್ನಡ ಮೇಷ್ಟ್ರು ಇನ್ನೂ ಬೇಗ ಹೇಳುತ್ತಾರೆ.

ನಮ್ಮ ಸೀಮೆಯದ್ದೇ ಅನ್ನಿಸುವ ಅಪರೂಪದ ಹೆಸರು ಎಲ್ಲಿ ಸಿಗುತ್ತವೆ?

ನದಿಗಳಿಂದ ಶುರುಮಾಡಿ. ಕಾವೇರಿ, ತುಂಗಾ ಎಲ್ಲ ಕಡೆ ಇದ್ದಾರೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ, ಜಯಮಂಗಲಿ, ನಂದಿ ಸೀಮೆಯ ಅರ್ಕಾವತಿ, ಪಿನಾಕಿನಿ, ಬಾಗೇಪಲ್ಲಿ ಕಡೆಗೆ ಹರಿಯುವ ಚಿತ್ರಾವತಿ, ಇವೆಲ್ಲ ಹೆಣ್ಣುಮಕ್ಕಳ ಹೆಸರಿಗೆ ಹೇಳಿಮಾಡಿಸಿದಂತಿವೆ. ಕರೆಯಲು ‘ಅರ್ಕಾ’, ‘ಚಿತ್ರಾ’, ‘ಜಯಾ’ ಎಂದು ಚುಟುಕಾಗುವುದರಿಂದ ಉದ್ದ ಎಂಬ ತಕರಾರೂ ಇಲ್ಲ. ಶಿಂಷಾ ಒಂದರಲ್ಲಿ ಎಚ್ಚರ, ಶ ಷ ಎರಡೂ ಬೆನ್ನಿಗೆ ಬೆನ್ನು ಇರುವುದರಿಂದ ಮನೆಯಲ್ಲೇ ‘ಸಿಂಸಾ’ ಆಗುತ್ತದೆ. ಪಾಪಘ್ನಿಯೂ ನಮ್ಮದೇ ನದಿ, ಪಾಪ ಕಳೆಯುವವಳು ಎಂಬ ಅರ್ಥವೂ ಒಳ್ಳೆಯದೇ. ಆದರೆ ಶಾಲೆಯ ಹುಡುಗರು ಮೊದಲೆರಡು ಅಕ್ಷರಕ್ಕೇ ನಿಲ್ಲಿಸುತ್ತಾರೆ, ಬಿಟ್ಟುಬಿಡಿ.

ಇನ್ನು ಕ್ಷೇತ್ರಗಳು. ಮಕ್ಕಳಿಗಾಗಿ ಹರಕೆ ಹೊತ್ತು ನಾಗರಕಲ್ಲು ಇಡುವ ಗೌರಿಬಿದನೂರಿನ ವಿದುರಾಶ್ವತ್ಥದಿಂದ ಅಶ್ವತ್ಥ, ಎಡೆಯೂರಿನಿಂದ ಸಿದ್ಧಲಿಂಗ, ಕೈವಾರದಿಂದ ನಾರೇಯಣ. ನಾರಾಯಣ ಎಲ್ಲೆಲ್ಲೂ ಇದ್ದಾನೆ, ನಾರೇಯಣ ಎಂದರೆ ಕೈವಾರ ತಾತಯ್ಯನ ಕಡೆಯವರು ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಅವಳಿ ಗಂಡುಮಕ್ಕಳಾದರೆ ಮುಳಬಾಗಿಲು ತಾಲ್ಲೂಕಿನ ಆವಣಿಯನ್ನು ನೆನೆಯಿರಿ. ಸೀತೆ ಲವ ಕುಶರನ್ನು ಹೆತ್ತದ್ದು ಆ ಬೆಟ್ಟದಲ್ಲೇ ಎಂಬುದು ಅಲ್ಲಿನ ನಂಬಿಕೆ.

ಶಾಸನಗಳನ್ನು ನೋಡುವ ತಾಳ್ಮೆ ಇದ್ದರೆ ಇನ್ನೂ ದೊಡ್ಡ ಗಣಿ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 10ನೇ ಸಂಪುಟ ಕೋಲಾರ ಜಿಲ್ಲೆಯದ್ದು (ಆಗ ಚಿಕ್ಕಬಳ್ಳಾಪುರವೂ ಅದರಲ್ಲೇ ಇತ್ತು), 12ನೆಯದು ತುಮಕೂರಿನದ್ದು. ನಿಮ್ಮ ತಾಲ್ಲೂಕಿನ ಪುಟ ತೆಗೆದು ದಾನ ಕೊಟ್ಟವರ, ಕಲ್ಲು ನಿಲ್ಲಿಸಿದವರ ಹೆಸರು ಗುರುತು ಹಾಕಿಕೊಳ್ಳಿ. ‘ಅಬ್ಬೆ’, ‘ಅರಸಿ’ ಎಂದು ಮುಗಿಯುವ ಹೆಸರಿನ ಬಾಲ ಕತ್ತರಿಸಿದರೆ ಇಂದಿಗೆ ಹೊಂದುತ್ತದೆ. ನಂದಿಯ ಭೋಗನಂದೀಶ್ವರ ಗುಡಿಯ ಜೊತೆ ಕೇಳಿಬರುವ ಬಾಣರ ರಾಣಿ ರತ್ನಾವಳಿಗೆ ಕತ್ತರಿಯೂ ಬೇಕಿಲ್ಲ.

ಅಚ್ಚಗನ್ನಡದ ಹೆಸರು ಇಟ್ಟರೆ ಬೇರೆ ಕಡೆ ಕಷ್ಟವೇ?

ನೇಸರ, ಇಬ್ಬನಿ, ಇಂಚರ, ಮುಗಿಲು, ಹೊನಲು, ಚಿಗುರು, ಸಿರಿ. ಇವುಗಳಲ್ಲಿ ಒತ್ತಕ್ಷರ, ಮಹಾಪ್ರಾಣ ಕಡಿಮೆ ಇರುವುದರಿಂದ ಇಂಗ್ಲಿಷಿನಲ್ಲಿ ಬರೆದರೂ ಕೆಡುವುದಿಲ್ಲ. ‘ಉ’ಕಾರದಲ್ಲಿ ಮುಗಿಯುವವು ವಾಕ್ಯದಲ್ಲಿ ಸ್ವಲ್ಪ ಎಡವುತ್ತವೆ, ‘ಬೆಳಕು ಹೋಯ್ತು’ ಎಂದರೆ ಮಗುವೋ ಕರೆಂಟೋ ತಿಳಿಯದು. ಸಿರಿ ಇಡುವವರು ಮನೆಯಲ್ಲಿ ಐಫೋನ್ ಇದ್ದರೆ ಅದರ ಧ್ವನಿ ಸಹಾಯಕದ ಹೆಸರೂ ಅದೇ ಎಂಬುದನ್ನು ನೆನಪಿಡಿ, ಮಗುವಿಗಿಂತ ಮೊದಲು ಫೋನು ಓಗೊಡುತ್ತದೆ.

ಕೋಲಾರ, ಚಿಂತಾಮಣಿ, ಬಾಗೇಪಲ್ಲಿ, ಪಾವಗಡದ ಮನೆಗಳಲ್ಲಿ ತೆಲುಗಿನ ಕಿವಿಗೂ ಹೆಸರು ಹೊಂದಬೇಕು. ಸಿರಿ, ಚಿಗುರು, ಇಂಪು ಎರಡೂ ಭಾಷೆಗೆ ಸೇರಿದ ಪದಗಳು, ನಿಶ್ಚಿಂತೆಯಿಂದ ಇಡಬಹುದು. ಅಡ್ಡ ಬರುವುದು ಚುಟುಕು ಹೆಸರು: ನಕುಲನನ್ನು ‘ನಕ್ಕ’ ಎಂದರೆ ತೆಲುಗಿನಲ್ಲಿ ನರಿ. ಕೆಜಿಎಫ್ ಕಡೆ ತಮಿಳಿನಲ್ಲಿ ಬರೆಯುವುದಾದರೆ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ, ಕ, ಗ, ಘಗಳಿಗೂ ಹಾಗೆಯೇ. ‘ಭುವಿ’ ಓದುವವರ ಬಾಯಲ್ಲಿ ‘ಪುವಿ’ ಆಗಬಹುದು.

ಹೆಸರು ಖಾಯಂ ಮಾಡುವ ಮೊದಲು ಪರೀಕ್ಷೆ ಮಾಡುವುದು ಹೇಗೆ?

ಬಾಯಲ್ಲಿ ಹೇಳಿ ನೋಡಿ, ಕಾಗದದ ಮೇಲಲ್ಲ. ಹೆಸರಿಗೆ ‘ಗೆ’, ‘ಇಂದ’, ‘ಅನ್ನು’ ಸೇರಿಸಿ. ಅವನಿ ಎಂಬ ಚೆಂದದ ಹೆಸರಿಗೆ ‘ಗೆ’ ಸೇರಿಸಿದರೆ ‘ಅವನಿಗೆ’. ‘ಅವನಿಗೆ ಹಾಲು ಕೊಡು’ ಎಂದರೆ ಮಗಳಿಗೋ ಪಕ್ಕದ ಹುಡುಗನಿಗೋ? ಈ ಒಂದು ವಿಭಕ್ತಿ ಮನೆಯವರನ್ನು ಜೀವನಪೂರ್ತಿ ಕಾಡುತ್ತದೆ. ಇವಾನ್ ಕೂಡ ಇವನಿಗೆ ಹತ್ತಿರ.

ಆಮೇಲೆ ಹಟ್ಟಿಯ ಆ ತುದಿಗೆ ಕೇಳುವಂತೆ ಕೂಗಿ. ದೀರ್ಘ ಸ್ವರದಲ್ಲಿ ನಿಲ್ಲುವ ಹೆಸರು ದೂರ ಹೋಗುತ್ತದೆ, ‘ಇಬ್ಬನೀ’ ಎಂದು ಎಳೆಯಬಹುದು. ‘ಶ್’, ‘ತ್’ ಎಂದು ಕಡಿಯುವ ಹೆಸರಿಗೆ ಅಜ್ಜಿಯಂದಿರು ತಾವಾಗಿಯೇ ಉಕಾರ ಅಂಟಿಸುತ್ತಾರೆ: ರಿಯಾಂಶ್ ಹೋಗಿ ‘ರಿಯಾಂಸು’. ಅಜ್ಜಿಗೆ ಮೂರು ಸಲ ಹೇಳಿಸಿ, ಮೂರನೇ ಸಲ ಬರುವ ರೂಪವೇ ಊರಿನಲ್ಲಿ ನಿಲ್ಲುವ ಹೆಸರು. ಅದು ನಿಮಗೆ ಒಪ್ಪಿಗೆಯೇ ನೋಡಿ.

ಕೊನೆಗೆ ಇನಿಷಿಯಲ್ ಸೇರಿಸಿ ಓದಿ. ಕೆ.ಡಿ. ಎಂದು ಬಂದರೆ ‘ಕೇಡಿ’ ಗ್ಯಾರಂಟಿ. ಬಿ.ಪಿ., ಟಿ.ಬಿ.ಗಳೂ ಅಷ್ಟೇ.

ಇನಿಷಿಯಲ್ ಹಾಕುವುದೋ, ತಂದೆಯ ಹೆಸರು ಪೂರ್ತಿ ಬರೆಯುವುದೋ?

ನಮ್ಮ ಕಡೆ ಮನೆತನದ ಹೆಸರಿಗಿಂತ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರ ಹಾಕುವುದು ವಾಡಿಕೆ. ಮಾಲೂರು ತಾಲ್ಲೂಕಿನ ಮಾಸ್ತಿ ಊರು ವೆಂಕಟೇಶ ಅಯ್ಯಂಗಾರ್ಯರ ಹೆಸರಿನ ಮುಂದೆ ಹೇಗೆ ನಿಂತಿತೋ ಎಲ್ಲರಿಗೂ ಗೊತ್ತು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಡಿ’ ದೇವನಹಳ್ಳಿ, ‘ವಿ’ ತಂದೆ ವೆಂಕಟರಮಣಯ್ಯ. ಈಗಿನ ಅರ್ಜಿಗಳು ಈ ಪದ್ಧತಿಗೆ ಒಗ್ಗುವುದಿಲ್ಲ. ಪಾಸ್‌ಪೋರ್ಟ್, ಪ್ಯಾನ್ ಎರಡರಲ್ಲೂ ಇನಿಷಿಯಲ್ ಬಿಡಿಸಿ ಬರೆಯಬೇಕು. ಒಂದೇ ಪದದ ಹೆಸರಾದರೆ ಬೇರೆ ತೊಡಕು. ಯುಎಇ 2022ರ ನವೆಂಬರ್‌ನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾ ನಿಯಮ ಬಿಗಿ ಮಾಡಿತು. ಅಮೆರಿಕದ ವೀಸಾದಲ್ಲಿ ಖಾಲಿ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಅಂದರೆ ಮೊದಲ ಹೆಸರು ತಿಳಿಯದು ಎಂದು.

ಹಾಗಾಗಿ ಜನನ ಪ್ರಮಾಣಪತ್ರದಲ್ಲೇ ಮಗುವಿನ ಹೆಸರು, ನಂತರ ತಂದೆಯದ್ದೋ ತಾಯಿಯದ್ದೋ ಹೆಸರು ಪೂರ್ತಿ: ‘ಇಬ್ಬನಿ ರಂಗನಾಥ್’. ಒಟ್ಟು ಉದ್ದ ಮಿತಿಯಲ್ಲಿರಲಿ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಇರುವುದು ನಡುವಿನ ಚಿಹ್ನೆಗಳೂ ಸೇರಿ 39 ಮನೆ ಮಾತ್ರ.

ಸಂಖ್ಯಾಶಾಸ್ತ್ರದವರು ಒಂದು ‘ಎ’ ಜಾಸ್ತಿ ಹಾಕಲು ಹೇಳಿದ್ದಾರೆ. ಹಾಕಬಹುದೇ?

ಹಾಕುವುದಾದರೆ ಜನನ ಪ್ರಮಾಣಪತ್ರದಲ್ಲೇ ಹಾಕಿ, ಆಮೇಲೆ ಎಲ್ಲ ಕಡೆ ಅದೇ ಇರಲಿ. ಮಗುವಿಗೆ ಐದು ವರ್ಷ ತುಂಬುವ ಮೊದಲು ಮಾಡಿಸುವ ಬಾಲ ಆಧಾರ್‌ಗೆ ಆಧಾರವೇ ಆ ಪ್ರಮಾಣಪತ್ರ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಅವಕಾಶ. ಶಾಲೆಯ ದಾಖಲೆಯಲ್ಲಿ ಒಂದು ‘ಎ’, ಆಧಾರ್‌ನಲ್ಲಿ ಎರಡು ಇದ್ದರೆ ಶಾಲಾ ಮಕ್ಕಳಿಗೆ ಕೊಡುವ ‘ಅಪಾರ್’ ಐಡಿ ಮಾಡಿಸುವಾಗಲೇ ಸಿಕ್ಕಿಬೀಳುತ್ತದೆ.

ಋಕಾರದ ಹೆಸರಿಗೆ ಮೊದಲೇ ತೀರ್ಮಾನ ಮಾಡಿ. ನಾವು ‘ರು’ ಎನ್ನುತ್ತೇವೆ, ಉತ್ತರದವರು ‘ರಿ’. ಇಂಗ್ಲಿಷಿನಲ್ಲಿ ‘ರು’ ಎಂದು ಬರೆಸಿದರೆ, ಕಂಪ್ಯೂಟರು ಅದನ್ನು ಕನ್ನಡಕ್ಕೆ ತಿರುಗಿಸುವಾಗ ‘ಕೃತಿ’ಯನ್ನು ‘ಕ್ರುತಿ’ ಮಾಡುತ್ತದೆ. ಆಧಾರ್ ಕೇಂದ್ರದಲ್ಲಿ ಸ್ವೀಕೃತಿ ಚೀಟಿಗೆ ಸಹಿ ಹಾಕುವ ಮೊದಲು ಪರದೆಯ ಮೇಲಿನ ಕನ್ನಡದ ಸಾಲನ್ನೂ ಓದಿ.

ಅಜ್ಜ ತಿಪ್ಪಯ್ಯ, ಅಜ್ಜಿ ಸಾಕಮ್ಮ. ಅವರ ಹೆಸರು ಇಡಲೇಬೇಕಂತೆ!

ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಸಾವಿನ ಕಣ್ಣಿಗೆ ಬೀಳದಿರಲಿ ಎಂದು ತಿಪ್ಪೆ, ಕಲ್ಲು, ಗುಂಡಿನ ಹೆಸರಿಡುತ್ತಿದ್ದ ಕಾಲವಿತ್ತು. ತೆಲುಗು ಮನೆಗಳ ಪೆಂಟಯ್ಯನೂ ಅದೇ. ಸಾಲಾಗಿ ಹೆಣ್ಣೇ ಹುಟ್ಟಿದಾಗ ‘ಇನ್ನು ಸಾಕು’ ಎಂದು ಸಾಕಮ್ಮ. ಮೊದಲನೆಯದರ ಹಿಂದೆ ಮಗು ಬದುಕಲಿ ಎಂಬ ಆಸೆ ಇದೆ, ಎರಡನೆಯದರ ಹಿಂದೆ ಬೇಸರ ಇದೆ. ಮೊದಲನೆಯದನ್ನು ನಾಮಕರಣದ ದಿನ ಕಿವಿಯಲ್ಲಿ ಹೇಳುವ ಐದು ಹೆಸರಿನಲ್ಲಿ ಸೇರಿಸಿ, ಎರಡನೆಯದನ್ನು ಮೊಮ್ಮಗಳಿಗೆ ದಾಟಿಸುವುದು ಬೇಡ ಎನ್ನುತ್ತೇವೆ.

ಸರ್ಕಾರ ಯಾವುದಾದರೂ ಹೆಸರನ್ನು ಬೇಡ ಎನ್ನುತ್ತದೆಯೇ?

ಐಸ್‌ಲ್ಯಾಂಡಿನಲ್ಲಿ ಹೆಸರು ಒಪ್ಪಲು 1991ರಿಂದ ಸಮಿತಿಯೇ ಇದೆ, ನ್ಯೂಜಿಲೆಂಡಿನಲ್ಲಿ ಪದವಿ ಸೂಚಿಸುವ ಹೆಸರು ಇಡುವಂತಿಲ್ಲ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಬಿಡದಿ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಸಮುದಾಯದಲ್ಲಿ ಹೈಕೋರ್ಟ್, ಮೈಸೂರ್ ಪಾಕ್, ಗೂಗಲ್ ಎಂಬ ಹೆಸರಿನವರಿದ್ದಾರೆ.

ಗಂಡನ ಮನೆಯವರು ಒಂದು, ತವರಿನವರು ಇನ್ನೊಂದು ಹೇಳುತ್ತಿದ್ದಾರೆ.

ಸೋದರತ್ತೆಗೆ ಹೆಸರು ಕರೆಯುವ ಹಕ್ಕಿದೆ, ಆರಿಸುವ ಹಕ್ಕು ತಂದೆ ತಾಯಿಯದ್ದು ಎಂದು ಮೊದಲೇ ಮಾತಾಡಿಕೊಳ್ಳಿ. ಎರಡೂ ಕಡೆಯಿಂದ ಮೂರು ಮೂರು ಹೆಸರು ಬರೆಸಿ, ಒಬ್ಬೊಬ್ಬರೂ ಎದುರಿನವರ ಪಟ್ಟಿಯಿಂದ ಎರಡೆರಡು ಹೊಡೆದುಹಾಕಲಿ. ಉಳಿದೆರಡರಲ್ಲಿ ಒಂದು ದಾಖಲೆಗೆ, ಒಂದು ತೊಟ್ಟಿಲಿಗೆ. ಜಗಳ ಬಿಗಡಾಯಿಸಿದರೆ ನ್ಯಾಯಾಲಯವೇ ಹೆಸರಿಡುವ ತನಕ ಹೋಗುತ್ತದೆ. 2023ರಲ್ಲಿ ಕೇರಳ ಹೈಕೋರ್ಟ್ ಅಂಥದ್ದೊಂದು ಪ್ರಕರಣದಲ್ಲಿ ತಾನೇ ಹೆಸರು ಆರಿಸಿತು.

ಮುಸ್ಲಿಂ, ಕ್ರೈಸ್ತ ಮನೆಗಳಲ್ಲಿ ನೋಡಬೇಕಾದ್ದೇನು?

ಏಳನೇ ದಿನ ಅಕೀಕಾದಲ್ಲಿ ಹೆಸರಿಡುವವರಿಗೆ 21 ದಿನದ ಗಡುವು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ‘ಮೊಹಮ್ಮದ್’. ಒಂದೇ ಮನೆಯಲ್ಲಿ ಅದು ನಾಲ್ಕು ಸ್ಪೆಲ್ಲಿಂಗಿನಲ್ಲಿ, ಒಮ್ಮೊಮ್ಮೆ ಬರೀ ‘ಎಂಡಿ’ ಎಂದು ಇರುತ್ತದೆ. ಪೂರ್ತಿ ಬರೆಸಿ. ಚರ್ಚಿನಲ್ಲಿ ದೀಕ್ಷಾಸ್ನಾನದ ಹೆಸರು ಬೇರೆ ಇಡುವುದಾದರೆ ಅದನ್ನೂ ಜನನ ಪ್ರಮಾಣಪತ್ರದಲ್ಲೇ ಸೇರಿಸಿ, ಇಲ್ಲವೇ ದಾಖಲೆಗಳಿಂದ ಪೂರ್ತಿ ಹೊರಗಿಡಿ.

ಹೆಸರು ಇಟ್ಟಾಯಿತು, ಈಗ ಬೇಡವಾಗಿದೆ. ಬದಲಿಸಬಹುದೇ?

ಅಕ್ಷರ ತಪ್ಪಾಗಿದ್ದರೆ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಅಡಿ, ದಾಖಲೆ ತೋರಿಸಿ ನೋಂದಣಾಧಿಕಾರಿಯಿಂದಲೇ ತಿದ್ದಿಸಬಹುದು. ಹೆಸರನ್ನೇ ಬದಲಿಸುವುದು ಬೇರೆ ಮಾತು. ಅದಕ್ಕೆ ಕಾಯ್ದೆಯಲ್ಲಿ ನೇರ ಅವಕಾಶವಿಲ್ಲ ಎಂಬುದನ್ನು ಗಮನಿಸಿದ ಕರ್ನಾಟಕ ಹೈಕೋರ್ಟ್, ಒಂದು ಪ್ರಕರಣದಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಕಾಣುವಂತೆ ದಾಖಲಿಸುವ ದಾರಿ ತೋರಿಸಿದೆ. ಮಗು ಶಾಲೆಗೆ ಸೇರುವ ಮೊದಲಾದರೆ ತಿದ್ದಬೇಕಾದ ದಾಖಲೆ ಎರಡು, ಜನನ ಪ್ರಮಾಣಪತ್ರ ಮತ್ತು ಆಧಾರ್. ಸೇರಿದ ಮೇಲೆ ಶಾಲೆಯ ದಾಖಲಾತಿ ಪುಸ್ತಕ, ಸ್ಯಾಟ್ಸ್ (ಶಿಕ್ಷಣ ಇಲಾಖೆ ಕಂಪ್ಯೂಟರಿನಲ್ಲಿ ಇಡುವ ವಿದ್ಯಾರ್ಥಿಗಳ ದಾಖಲೆ) ಎಲ್ಲವೂ ಬೆನ್ನಿಗೆ ಬೀಳುತ್ತವೆ. ಕೊನೆಯ ಬಾಗಿಲು ಎಸ್ಸೆಸ್ಸೆಲ್ಸಿ. ಹತ್ತನೇ ತರಗತಿ ಪರೀಕ್ಷೆಗೆ ಶಾಲೆಯಿಂದ ಪಟ್ಟಿ ಹೋಗುವ ಮೊದಲು ಮುಖ್ಯೋಪಾಧ್ಯಾಯರ ಹತ್ತಿರ ಕೂತು ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದಿ ಸಹಿ ಹಾಕಿ. 18 ತುಂಬಿದ ಮೇಲೆ ಮಗ ಅಥವಾ ಮಗಳು ತಾವೇ ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟಿಸಿ ಬದಲಿಸಿಕೊಳ್ಳಬಹುದು. ಆ ಮೂರು ಕಾಗದಗಳ ಮೂಲಪ್ರತಿ ಆಮೇಲೂ ಎಲ್ಲ ಕಡೆ ಕೇಳುತ್ತಾರೆ, ಲ್ಯಾಮಿನೇಷನ್ ಮಾಡಿಸಬೇಡಿ.